ಗಾಜಿನ ಮೇಲೆ ನಿಂತ ಹನಿ

ನನ್ನ ಹೆಂಡತಿ ಹೋಗಿ ಎಂಟು ತಿಂಗಳಾಯಿತು. ಅವಳ ಬಾಯಿಗೆ ನನ್ನ ಕೈಯಾರೆ ನಾನು ಏನು ಹಾಕಿದೆನೆಂಬುದನ್ನು ದೇವರು ನೋಡಿದ್ದಾನೆ. ಆದರೂ ಅದನ್ನು ನನ್ನ ಬಾಯಿಂದ ನಾನೇ ಹೇಳಬೇಕು.

ನಾವು ಗಡಿಯಾರ ರಿಪೇರಿಯವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ನನ್ನ ಕೆಲಸ. ಎಣ್ಣೆ ಬಿಡುವುದು ಅವಳದು. ಅವಳ ಕೈ ಎಂದೂ ನಡುಗಿದ್ದಿಲ್ಲ. ಮುಚ್ಚಳ ಹಾಕುವ ಮೊದಲು ನಾನು "ಎಣ್ಣೆ ಆಯ್ತಾ?" ಎನ್ನುವೆ, ಅವಳು "ಆಯ್ತು, ಮುಚ್ಚಿ" ಎನ್ನುವಳು. ನಲವತ್ತೊಂದು ವರ್ಷ ದಿನಕ್ಕೆ ಐದಾರು ಸಲ ಈ ಮಾತು ನಡೆದಿದೆ. ಇನ್ನೊಂದು ನಿಯಮ ನನ್ನ ತಂದೆಯ ಕಾಲದ್ದು. ಎಣ್ಣೆಯ ಸಣ್ಣ ಬಾಟಲಿ ಅರ್ಧಕ್ಕಿಂತ ಕೆಳಗೆ ಇಳಿಯಕೂಡದು, ಗಾಳಿ ತುಂಬಿದರೆ ಎಣ್ಣೆ ಕೆಡುತ್ತದೆ. ಇಳಿಯುತ್ತಲೇ ಬೀರುವಿನಲ್ಲಿರುವ ದೊಡ್ಡ ಬಾಟಲಿಯಿಂದ ತುಂಬಿಸಿಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಒಮ್ಮೆ ಮರೆತದ್ದಕ್ಕೆ ನಾನು ಗದರಿದ್ದೆ. ಮತ್ತೆ ಅವಳು ಮರೆಯಲಿಲ್ಲ.

ಮರೆವಿನ ಕಾಯಿಲೆ ಬಂದ ನಾಲ್ಕನೆಯ ವರ್ಷಕ್ಕೆ ತಂಗಿಯ ಹೆಸರು, ಗುಂಡಿ ಹಾಕಿಕೊಳ್ಳುವ ಕ್ರಮ, ಬಚ್ಚಲು ಯಾವ ಕಡೆಗೆಂಬುದು ಒಂದೊಂದಾಗಿ ಅವಳಿಂದ ಹೋದವು. ಅದನ್ನು ಸಹಿಸಿದೆವು. ಸಂಜೆಗಳನ್ನು ಸಹಿಸಲಾಗಲಿಲ್ಲ. ಬಿಸಿಲು ಕಿಟಕಿಯಿಂದ ಇಳಿಯುತ್ತಿದ್ದಂತೆ ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತು ನನ್ನನ್ನೇ ನೋಡುವಳು. ನಮ್ಮೊಡನೆ ಇದ್ದು ಅವಳನ್ನು ನೋಡಿಕೊಳ್ಳುತ್ತಿದ್ದ ನಾದಿನಿಯ ಕೈ ಹಿಡಿದು ಪಿಸುಗುಟ್ಟುವಳು: "ಆ ಮುದುಕ ಇನ್ನೂ ಹೋಗಿಲ್ವಾ? ಅವನ ಕೈಲಿ ಏನೋ ಚೂಪಾದ್ದು ಇದೆ." ನನ್ನ ಕೈಯಲ್ಲಿದ್ದದ್ದು ಚಿಮಟ. ಅದನ್ನು ಮೇಜಿನ ಮೇಲಿಟ್ಟರೆ ಆ ಸದ್ದಿಗೂ ಬೆಚ್ಚುವಳು.

ಡಾಕ್ಟರಮ್ಮ ಮಾತ್ರೆಗಳ ಜೊತೆಗೆ ಒಂದು ಎಣ್ಣೆಯನ್ನೂ ಕೊಟ್ಟು ನೋಡೋಣವೆಂದರು. ಕ್ಯಾನಬಿಡಿಯಾಲ್ ಎಂದು ಅದರ ಹೆಸರು. ಗಾಂಜಾ ಜಾತಿಯ ಗಿಡದಿಂದ ತೆಗೆದದ್ದು ಎಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅದು ಅಮಲು ಬರಿಸುವ ಅಂಶವಲ್ಲವೆಂದು ಅವರು ನನ್ನನ್ನು ಕೂರಿಸಿ ತಿಳಿಸಿದರು. ಹೋದ ನೆನಪು ಇದರಿಂದ ಬರುವುದಿಲ್ಲ, ಸಂಜೆಯ ಗಾಬರಿ ಸ್ವಲ್ಪ ತಗ್ಗಬಹುದು, ತಗ್ಗದೆಯೂ ಇರಬಹುದು, ಇದರ ಮೇಲೆ ನಡೆದಿರುವ ಪರೀಕ್ಷೆಗಳು ಇನ್ನೂ ಸಣ್ಣವು ಎಂದು ಏನನ್ನೂ ಮುಚ್ಚಿಡದೆ ಹೇಳಿದರು. ಬೇರೆ ಮಾತ್ರೆಗಳೊಡನೆ ಹೊಂದುತ್ತದೆಯೇ ಎಂದು ರಕ್ತ ನೋಡುತ್ತಿರಬೇಕು, ಹೇಳಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಕೂಡದು. ನಾನು ಮೂರು ದಿನ ದೇವರ ಮುಂದೆ ಕೂತು ಕೇಳಿಕೊಂಡು ಒಪ್ಪಿದೆ.

ನಾದಿನಿಗೆ ನಗಲು ಒಂದು ವಿಷಯ ಸಿಕ್ಕಿತು. "ಅಲ್ಲ ಭಾವ, ಜನ್ಮದಲ್ಲಿ ಕುಡಿದವರಲ್ಲ ನೀವು. ಈಗ ದಿನಾ ಎರಡು ಹೊತ್ತು ನಮ್ಮಕ್ಕನಿಗೆ ಎಣ್ಣೆ ಹೊಡೆಸ್ತಿದೀರಲ್ಲ!"

ಬೆಳಿಗ್ಗೆ ಆರು ಹನಿ, ಮಧ್ಯಾಹ್ನ ಮೂರಕ್ಕೆ ಆರು ಹನಿ, ನಾಲಿಗೆಯ ಕೆಳಗೆ. ಕಂದು ಬಣ್ಣದ ಸಣ್ಣ ಬಾಟಲಿ, ಮುಚ್ಚಳದಲ್ಲೇ ಡ್ರಾಪರ್. ಅದನ್ನು ಕೆಲಸದ ಮೇಜಿನ ಮೇಲಿರುವ ದೇವರ ಗೂಡಿನಲ್ಲಿ ಇಟ್ಟಿದ್ದೆ.

ಎರಡನೆಯ ವಾರದಲ್ಲಿ ಸಂಜೆಗಳು ತಣ್ಣಗಾದವು. ಅವಳು ಗೋಡೆ ಬಿಟ್ಟು ಕುರ್ಚಿಗೆ ಬಂದಳು. ಒಂದು ದಿನ ದೀಪ ಹಾಕುವ ಹೊತ್ತಿಗೆ ನನ್ನನ್ನು ನೋಡಿ "ಏನ್ರೀ, ಕನ್ನಡಕ ಎಲ್ಲಿ?" ಎಂದಳು. ನಾನು ಒಳಗೆ ಹೋಗಿ ಅತ್ತೆ. ಇನ್ನೊಂದು ಸೋಜಿಗವೂ ಇತ್ತು. ದಿನವೂ ಹನ್ನೆರಡು ಹನಿ ತೆಗೆದರೂ ಬಾಟಲಿ ಇಳಿಯುತ್ತಿರಲಿಲ್ಲ. ಕೂದಲೆಳೆಯಷ್ಟು ಸಂದನ್ನೂ ಅಳೆದು ಬದುಕಿದವನು ನಾನು. ಆದರೆ ಅಲ್ಲಿ ಅಳೆಯಲಿಲ್ಲ, ಕೈ ಮುಗಿದೆ. ದೇವರು ಕೊಟ್ಟದ್ದು ತೀರುವುದಿಲ್ಲವೆಂದು ನಾದಿನಿಗೂ ಹೇಳಿದೆ.

ನಾಲ್ಕನೆಯ ವಾರ ಶಾಲೆಯ ಹೆಡ್‌ಮೇಷ್ಟ್ರು ತಮ್ಮ ಗೋಡೆ ಗಡಿಯಾರವನ್ನು ಹೊತ್ತು ತಂದರು. ನಾನು ಸರಿಮಾಡಿ ಕೊಟ್ಟು ಹದಿನೈದು ದಿನವೂ ಆಗಿರಲಿಲ್ಲ. "ಮಕ್ಕಳ ಜೊತೆ ಸೇರ್ಕೊಂಡಿದೆ ನಿಮ್ಮ ಗಡಿಯಾರ," ಎಂದರು. "ಬೆಳಿಗ್ಗೆ ಬೆಲ್ಲಿಗೆ ಮುಂಚೆ ನಿಂತುಬಿಡುತ್ತೆ. ನಮ್ಮ ಶಾಲೇಲಿ ಈಗ ಯಾರೂ ತಡವಾಗಿ ಬರೋದೇ ಇಲ್ಲ."

ಅವರು ಹೋದ ಮೇಲೆ ಬಿಚ್ಚಿದೆ. ಚಕ್ರಗಳ ಅಚ್ಚಿನ ಸುತ್ತ ಎಣ್ಣೆ ಹರಡಿ ಅಂಟಂಟಾಗಿ ಧೂಳು ಹಿಡಿದಿತ್ತು. ನಮ್ಮ ಎಣ್ಣೆ ಹರಡುವುದಿಲ್ಲ. ಇಟ್ಟ ಕಡೆಯೇ ಮಣಿಯಂತೆ ನಿಲ್ಲುತ್ತದೆ. ಮೂಗಿನ ಹತ್ತಿರ ಹಿಡಿದೆ. ಹಸಿ ಹುಲ್ಲಿನ ಕಹಿ ವಾಸನೆ ಬಂತು. ದಿನಕ್ಕೆ ಎರಡು ಸಲ ಅವಳ ನಾಲಿಗೆಯ ಕೆಳಗಿನಿಂದ ಬರುತ್ತಿದ್ದ ವಾಸನೆ ಅದು. ಯೋಚಿಸಿದರೆ, ಎಷ್ಟೋ ದಿನದಿಂದ ಅಲ್ಲಿ ಅದು ಬರುತ್ತಿರಲಿಲ್ಲ.

ಊಟದ ನಂತರ ನಾನು ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದೆ, ನಾದಿನಿ ಪಾತ್ರೆ ತೊಳೆಯುತ್ತಿದ್ದಳು. ಕೈಗೆ ಹಳೆಯ ಅಭ್ಯಾಸ ಇರಲೆಂದು ಹೆಂಡತಿಯನ್ನು ಬಿಚ್ಚಿಟ್ಟ ಗಡಿಯಾರಗಳಿದ್ದ ಮೇಜಿನ ಮುಂದೆ ಕೂರಿಸುತ್ತಿದ್ದೆವು. ನಮ್ಮ ಎಣ್ಣೆಯ ಸಣ್ಣ ಬಾಟಲಿಯನ್ನು ನಾನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೆ. ಗೂಡಿನ ಬಾಟಲಿ ಅವಳ ಕೈಗೆ ಎಟುಕುವಂತಿತ್ತು. ಬೀರುವಿನ ದೊಡ್ಡ ಬಾಟಲಿಯ ನೆನಪು ನನಗೆ ಬಂದಿರಲಿಲ್ಲ.

ಗೂಡಿನಿಂದ ಬಾಟಲಿ ತೆಗೆದೆ. ಗಡಿಯಾರದ ಗಾಜೊಂದರ ಮೇಲೆ ಒಂದು ಹನಿ ಬಿಟ್ಟು ಕಾದೆ. ಹನಿ ಹರಡಲಿಲ್ಲ. ಮಣಿಯಂತೆ ಗುಂಡಗೆ ನಿಂತಿತು.

ಆ ಬೆಳಿಗ್ಗೆಯೂ ಪ್ರಾರ್ಥನೆ ಹೇಳಿಕೊಂಡು ಆರು ಹನಿ ಹಾಕಿದ್ದೆ.

ಎರಡು ಬಾಟಲಿಯನ್ನೂ ಬಟ್ಟೆಯಲ್ಲಿ ಸುತ್ತಿ, ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಗದರಲಿಲ್ಲ. ದೊಡ್ಡ ಬಾಟಲಿಯ ಚೀಟಿಯನ್ನು ಎರಡು ಸಲ ಓದಿದರು. ಹೊಟ್ಟೆಗೆ ಹೋದದ್ದಕ್ಕಿಂತ, ನುಂಗುವಾಗ ತಪ್ಪಿ ಶ್ವಾಸಕೋಶಕ್ಕೆ ಇಳಿದಿದ್ದರೆ ಅದೇ ಹೆಚ್ಚಿನ ಅಪಾಯವೆಂದರು. ಎದೆಯ ಚಿತ್ರ ತೆಗೆದರು, ರಕ್ತ ತೆಗೆದರು. ವರದಿ ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ ಉಸಿರು ಏರಿದರೆ, ಜ್ವರ ಬಂದರೆ, ವಾಂತಿಯಾದರೆ ತಕ್ಷಣ ಕರೆತರಬೇಕು.

ಮನೆಗೆ ಬರುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಇಳಿದಿತ್ತು. ನಾನು ಅವಳ ಮಂಚದ ಪಕ್ಕ ಕೂತು ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಗೋಡೆಯ ಗಡಿಯಾರಗಳ ಸದ್ದಿನಲ್ಲಿ ಅವಳ ಉಸಿರು ಕೇಳಿಸಲಿಲ್ಲ. ಎದ್ದು ಒಂದೊಂದರ ಲೋಲಕವನ್ನೂ ಹಿಡಿದು ನಿಲ್ಲಿಸಿದೆ. ದೇವರೇ, ನನ್ನ ಕೈ ಮಾಡಿದ ತಪ್ಪಿಗೆ ನನ್ನ ಕೈಯನ್ನೇ ತೆಗೆದುಕೋ, ಅವಳ ಉಸಿರನ್ನಲ್ಲ ಎಂದು ಬೇಡಿದೆ.

ಅವಳು ಕಣ್ಣು ಬಿಟ್ಟು, ನನ್ನನ್ನು ಯಾರೆಂದುಕೊಂಡಳೋ, ತೋಳು ಹಿಡಿದು ಹತ್ತಿರಕ್ಕೆ ಎಳೆದಳು.

"ನಮ್ಮ ಯಜಮಾನರಿಗೆ ಹೇಳ್ಬೇಡಿ," ಎಂದಳು. "ಎಣ್ಣೆ ಅರ್ಧಕ್ಕೆ ಇಳಿದಿತ್ತು. ನೋಡಿದ್ರೆ ಬೈತಾರೆ. ನಾನೇ ತುಂಬಿಸಿಟ್ಟಿದೀನಿ."

"ಬೈಯಲ್ಲ," ಎಂದೆ.

"ಬೈತಾರೆ. ನಿಮಗೆ ಗೊತ್ತಿಲ್ಲ ಅವರ ಕೋಪ."

ಗೋಡೆಗೆ ಬೆನ್ನು ಹಚ್ಚಿ ಅವಳು ಅಷ್ಟು ಸಂಜೆ ಹೆದರಿದ್ದು ಗುರುತಿಲ್ಲದ ಮುದುಕನಿಗೋ, ಗದರುವ ಗಂಡನಿಗೋ ಎಂದು ನನಗೆ ಆಗ ಅನುಮಾನ ಹುಟ್ಟಿತು. ಆ ಅನುಮಾನ ಇವತ್ತಿಗೂ ಹೋಗಿಲ್ಲ.

ವರದಿಯಲ್ಲಿ ಕೆಡುಕೇನೂ ಇರಲಿಲ್ಲ. ಶ್ವಾಸಕೋಶ ಸ್ವಚ್ಛವಾಗಿತ್ತು. ಅವಳು ಮುಂದೆ ಎರಡು ವರ್ಷ ಬದುಕಿದಳು. ಹೋದದ್ದು ಮರೆವಿನ ಕಾಯಿಲೆಯಿಂದಲೇ. ಆ ಒಳ್ಳೆಯ ಸಂಜೆಗಳು ಹಾಗಾದರೆ ಯಾವುದರಿಂದ ಬಂದವು ಎಂದು ವರದಿ ಬಂದ ದಿನವೇ ಕೇಳಿದ್ದೆ. ಮೊದಲ ದಿನಗಳ ಔಷಧಿಯೋ, ಕೈಗೆ ಕೆಲಸ ಸಿಕ್ಕಿದ್ದೋ, ತಾವಾಗಿ ಬಂದವೋ ತಮಗೆ ಗೊತ್ತಿಲ್ಲವೆಂದು ಡಾಕ್ಟರಮ್ಮ ಹೇಳಿ, ಬೇಕಾದರೆ ಮತ್ತೆ ಶುರುಮಾಡಿ ಎಂದು ಹೊಸ ಬಾಟಲಿ ಬರೆದುಕೊಟ್ಟರು.

ಎರಡು ದಿನ ಅದನ್ನು ಮುಟ್ಟಲಿಲ್ಲ. ಎರಡು ಸಂಜೆಯೂ ಅವಳು ಗೋಡೆಗೆ ಹೋದಳು. ಮೂರನೆಯ ದಿನ ಮೂರು ಗಂಟೆಗೆ ಗಾಜಿನ ಮೇಲೆ ಒಂದು ಹನಿ ಬಿಟ್ಟೆ, ಹರಡಿತು. ಇನ್ನೊಂದನ್ನು ನನ್ನ ನಾಲಿಗೆಗೆ ಹಾಕಿಕೊಂಡೆ, ಹುಲ್ಲಿನ ಕಹಿ. ಆದರೂ ಡ್ರಾಪರ್ ಅವಳ ತುಟಿಯ ಹತ್ತಿರ ಹೋಗುವಾಗ ನಡುಗಿ ಗಲ್ಲಕ್ಕೆ ತಾಗಿತು.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ನಿಮ್ಮ ಕೈ ನಡುಗುತ್ತೆ. ಇಲ್ಲಿ ಕೊಡಿ," ಎಂದಳು.

ಕೊಟ್ಟೆ. ಚಮಚವನ್ನು ಎದುರಿಗೆ ಹಿಡಿದೆ. ಅವಳು ಒಂದೊಂದೇ ಹನಿ ಬಿಟ್ಟಳು, ನಾನು ಎಣಿಸಿದೆ. ಆರಕ್ಕೆ ಸಾಕೆಂದೆ, ನಿಲ್ಲಿಸಿದಳು. ಚಮಚವನ್ನು ಅವಳ ನಾಲಿಗೆಯ ಕೆಳಗೆ ಬಗ್ಗಿಸಿ, ನುಂಗುವವರೆಗೆ ಅವಳ ಗಂಟಲನ್ನು ನೋಡಿದೆ.

"ಎಣ್ಣೆ ಆಯ್ತಾ?" ಎಂದು ನನ್ನ ಬಾಯಿಂದ ತಾನಾಗಿ ಬಂತು.

"ಆಯ್ತು, ಮುಚ್ಚಿ."

ಬಾಟಲಿ ಮುಚ್ಚಿ ಡ್ರಾಯರಿಗೆ ಬೀಗ ಹಾಕಿದೆ. ಬೀರುವಿಗೂ ಹಾಕಿದೆ. ಬಿಸಿಲು ಆಗಲೇ ಕಿಟಕಿಯ ಅರ್ಧಕ್ಕೆ ಬಂದಿತ್ತು. ನಾನು ಚಿಮಟವನ್ನು ಜೇಬಿನಲ್ಲಿ ಅಡಗಿಸಿ ಅವಳ ಎದುರಿಗೆ ಕೂತೆ.