ಬಾಲಯೇಸುವಿನ ಬೆನ್ನು

ಶವಪೆಟ್ಟಿಗೆಯೊಳಗೆ ತಾಯಿಯ ಹೊದಿಕೆ ಸರಿಪಡಿಸುತ್ತಿದ್ದ ಮಗಳ ಕೈಯನ್ನು ದೊಡ್ಡಮ್ಮ ಪಕ್ಕಕ್ಕೆ ಸರಿಸಿದಳು.

“ಸಾಕು ಬಿಡೇ. ಗುಂಡಿಗೆ ಮೊದಲ ಹಿಡಿ ಮಣ್ಣು ನನ್ನ ಮಗ ಹಾಕ್ತಾನೆ. ಏನೇ ಆದ್ರೂ ರಕ್ತಸಂಬಂಧ ಅಂತ ಒಂದಿರುತ್ತಲ್ಲ.”

ಮಗಳು ಅನಾಥಾಲಯದಿಂದ ಬಂದ ಕೂಸು. ತಾಯಿ ಬದುಕಿರುವವರೆಗೆ ಆ ಮಾತು ಈ ಹೊಸ್ತಿಲು ದಾಟಿರಲಿಲ್ಲ. ಉಸಿರು ನಿಂತದ್ದೇ ತಡ, ನಾಲಿಗೆಗೆ ಜೀವ ಬಂದಿತ್ತು.

ಅಷ್ಟರಲ್ಲಿ ಚರ್ಚಿನ ಗಂಟೆ ಬಾರಿಸುವ ತಾತ ಏದುಸಿರು ಬಿಡುತ್ತಾ ಬಂದ.

“ಅಲ್ಲಮ್ಮಾ, ನಮ್ಮ ಮಾತೆ ಬಾಲಯೇಸು ಇಲ್ದೆ ಬರಿಗೈಲಿ ನಿಂತಿದ್ದಾಳೆ! ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ನಿಮ್ಮಮ್ಮ ನನ್ನ ಆಟ ಆಡಿಸ್ತಿದ್ಲು. ಕೊನೆಗೆ ತಾನೇ ಜಾರ್ಕೊಂಡ್ಲು ನೋಡು,” ಎಂದು ನಗಲು ಹೋಗಿ ಕಣ್ಣೊರೆಸಿಕೊಂಡ.

“ಮಗು ಒಳಗಿದೆ ತಾತ. ನಾನೇ ತರ್ತೀನಿ.”

*

ಚರ್ಚುಗಳ ಪ್ರತಿಮೆಗಳನ್ನು ಕೆತ್ತಿ, ದುರಸ್ತಿ ಮಾಡಿ ಬಣ್ಣ ಹಚ್ಚುವುದು ತಾಯಿಯ ಕಸುಬು. ಮಾತೆ ಬೇರೆ, ಮಗು ಬೇರೆ. ಬಣ್ಣವಾದ ಮೇಲೆ ಮಗುವಿನ ಮೈಯ ಗೂಟವನ್ನು ಮಾತೆಯ ತೋಳಿನ ಕುಳಿಗೆ ಕೂರಿಸಬೇಕು.

“ಹಾಗಾದ್ರೆ ಅದು ಅವಳ ಮಗು ಅಲ್ಲ, ಅಲ್ವಾ ಅಮ್ಮ? ಆಮೇಲೆ ತಂದು ಸೇರಿಸಿದ್ದು,” ಎಂದು ಚಿಕ್ಕಂದಿನಲ್ಲಿ ಮಗಳು ಕೇಳಿದ್ದಳು.

ತಾಯಿ ಮೂಲೆಯಲ್ಲಿದ್ದ ಇನ್ನೊಂದು ಪ್ರತಿಮೆಯ ಮಗುವನ್ನು ಅವಳ ಕೈಗಿತ್ತು, “ಕೂರಿಸು ನೋಡೋಣ” ಎಂದಳು. ಹೇಗೆ ತಿರುಗಿಸಿದರೂ ಅದು ಕೂರಲಿಲ್ಲ.

“ಒಂದೊಂದು ಕುಳೀನೂ ಆಯಾ ಮಗೂಗೇ ಅಂತ ಕೆತ್ತಿರ್ತೀನಿ ಕಣೇ, ಕತ್ತೆ. ಮೂಗೊರೆಸ್ಕೊಂಡು ಬ್ರಷ್ ತೊಳಿ, ಹೋಗು.”

*

ಚರ್ಚಿನಲ್ಲಿ ಪೆಟ್ಟಿಗೆಯನ್ನು ಪೀಠದ ಮುಂದೆ ಇಳಿಸಿದರು. ಮಗಳು ಬಟ್ಟೆಯಲ್ಲಿ ಸುತ್ತಿ ತಂದ ಬಾಲಯೇಸುವನ್ನು ಎತ್ತಿಕೊಂಡು ಮಾತೆಯ ಪ್ರತಿಮೆಯ ಪಕ್ಕದ ಸ್ಟೂಲು ಹತ್ತಿದಳು.

“ಬಿದ್ದೀಯ ಕಣೇ!” ದೊಡ್ಡಮ್ಮ ಬಂದು ಸ್ಟೂಲು ಹಿಡಿದುಕೊಂಡಳು. ಮೇಲೆ ನೋಡಿದವಳ ಕಣ್ಣು ಮಗುವಿನ ಬೆನ್ನ ಮೇಲೆ ನಿಂತಿತು. ಇನ್ನೂ ಆರದ ಗುಲಾಬಿ ಬಣ್ಣದಲ್ಲಿ ಹೆಬ್ಬೆರಳೊಂದು ಊರಿದ ಗುರುತು.

“ಅವಳದಾ?”

“ಹ್ಞೂಂ. ಅಲ್ಲೇ ಹಿಡ್ಕೊಂಡು ಹಚ್ತಿದ್ಲು. ತೋಳಿನ ಮರೆಗೆ ಹೋಗುತ್ತೆ ದೊಡ್ಡಮ್ಮ, ಯಾರಿಗೂ ಕಾಣಲ್ಲ.”

“ಒರೆಸಲ್ವಾ?”

“ಅಲ್ಲೇ ಬೆರಳಿಟ್ರೇನೇ ಮಗು ಕೂರೋದು.”

ಮಗಳು ತನ್ನ ಹೆಬ್ಬೆರಳನ್ನು ಆ ಗುರುತಿನೊಳಗಿಟ್ಟು ಮಗುವನ್ನು ತುಸು ವಾಲಿಸಿದಳು. ಗೂಟ ಕುಳಿಗೆ ಇಳಿಯಿತು. ಬೆರಳನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡಳು. ಮಾತೆಯ ಬಾಗಿದ ಮುಖದ ಕೆಳಗೆ ಈಗ ಮಗುವಿತ್ತು. ಬೆಳಗಿನಿಂದ ಅಳದಿದ್ದವಳು ಸ್ಟೂಲಿನ ಮೇಲೆ ನಿಂತೇ ಬಿಕ್ಕಿದಳು. ದೊಡ್ಡಮ್ಮ ಸ್ಟೂಲು ಬಿಡಲಿಲ್ಲ.

ಸಮಾಧಿಯ ಬಳಿ ಫಾದರ್ ಪ್ರಾರ್ಥನೆ ಮುಗಿಸಿದಾಗ ದೊಡ್ಡಮ್ಮನ ಮಗ ಮಣ್ಣಿಗೆ ಬಾಗಿದ. ದೊಡ್ಡಮ್ಮ ಅವನ ತೋಳು ಹಿಡಿದೆಳೆದಳು.

“ನೀನು ನಿಲ್ಲೋ. ಅವಳು ಹಾಕ್ಲಿ.”

ಮಗಳು ಹಿಡಿ ಮಣ್ಣೆತ್ತಿ ಪೆಟ್ಟಿಗೆಯ ಮೇಲೆ ಬಿಟ್ಟಳು. ಅಂಗೈ ಬರಿದಾಯಿತು. ಹೆಬ್ಬೆರಳಿನ ಗುಲಾಬಿ ಬಣ್ಣಕ್ಕೆ ಅಂಟಿದ ಮಣ್ಣು ಮಾತ್ರ ಹಾಗೇ ಇತ್ತು.