ರೈಟರ್ ಫೋನಿಗೆ ಹತ್ತದ ಪ್ರೋಗ್ರಾಂ

ಅಜಿತನನ್ನು ಅರ್ಪಿತಾ ನಂಬಿದ್ದು ಹೆಚ್ಚಾಯಿತು ಎಂದು ಈಗ ಹೇಳುವುದು ಸುಲಭ. ಮೂಡಿಗೆರೆಯಲ್ಲಿ ಇಬ್ಬರೂ ಸೇರಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಆರು ವರ್ಷ ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡವನನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು?

೨೦೦೬ರಲ್ಲಿ ಅವಳು ಮೊಬೈಲಿಗೊಂದು ಪ್ರೋಗ್ರಾಂ ಬರೆದಳು. ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರುಗಳು ದಿನಾ ಬೆಳಿಗ್ಗೆ ಅಳೆಯುವ ಮಳೆಯನ್ನು ಅದಕ್ಕೆ ಹಾಕಿದರೆ, ಕಾಫಿ ಹೂವರಳಲು ಬೇಕಾದ ಹೂಮಳೆ ಸಾಕಾಯಿತೋ, ಸ್ಪ್ರಿಂಕ್ಲರ್ ಹಚ್ಚಬೇಕೋ ಎಂದು ಹೇಳುತ್ತಿತ್ತು. ಫೋನಿನ ಪ್ರೋಗ್ರಾಂ ಕಟ್ಟುವ ಸಾಫ್ಟ್‌ವೇರ್ ಕಿಟ್‌ಗೆ ಎರಡು ವರ್ಷನ್ ಇದ್ದವು. ಒಂದನೆಯದರಲ್ಲಿ ಕಟ್ಟಿದ್ದು ಹಳೇ ಫೋನಿನಲ್ಲೂ ಓಡುತ್ತದೆ, ಹೊಸದರಲ್ಲೂ ಓಡುತ್ತದೆ. ಎರಡನೆಯದರಲ್ಲಿ ಕಟ್ಟಿದ್ದನ್ನು ಹಳೇ ಫೋನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ರೈಟರುಗಳ ಕೈಲಿದ್ದದ್ದೆಲ್ಲ ಮಾಲೀಕರು ಬಳಸಿ ಬಿಟ್ಟ ಹಳೇ ಫೋನುಗಳೇ. ಹಾಗಾಗಿ ಅವಳು ಬಣ್ಣ, ಚಿತ್ರದ ಆಸೆಯೆಲ್ಲ ಬಿಟ್ಟು ಒಂದನೆಯದಕ್ಕೇ ಬರೆದಳು. ಅಜಿತನನ್ನು ಕೂರಿಸಿಕೊಂಡು ಈ ವ್ಯತ್ಯಾಸ ಕಲಿಸಿದವಳೂ ಅವಳೇ. ಕಿಟ್ ಹಿಡಿಸುವಷ್ಟು ದೊಡ್ಡ ಕಂಪ್ಯೂಟರ್ ಅವನ ಮನೆಯಲ್ಲಿದ್ದದ್ದರಿಂದ ಕೊನೆಯ ಫೈಲು ಕಟ್ಟುವ ಕೆಲಸ ಅವನಿಗೆ ಬಿತ್ತು.

ಬೆಳೆಗಾರರ ಸಭೆಯಲ್ಲಿ ಅವಳು ದೊಡ್ಡ ಬೆಳೆಗಾರ ಬೆಳ್ಳಿಯಪ್ಪನವರ ರೈಟರ್ ಕೆಂಚಯ್ಯನ ಫೋನಿಗೆ ಕೇಬಲ್ ಸಿಕ್ಕಿಸಿದಳು. ಪ್ರೋಗ್ರಾಂ ಹತ್ತಲಿಲ್ಲ. ಇನ್ನಿಬ್ಬರು ರೈಟರುಗಳ ಫೋನಿಗೂ ಹತ್ತಲಿಲ್ಲ.

“ನಮ್ ರೈಟರ್ ಫೋನಿಗೇ ಹತ್ತದಿದ್ರೆ ಏನಮ್ಮ ಪ್ರಯೋಜನ?” ಎಂದರು ಬೆಳ್ಳಿಯಪ್ಪ. ಅವರು ಒಪ್ಪಿದರೆ ಇಪ್ಪತ್ತು ತೋಟ ಒಪ್ಪುತ್ತಿತ್ತು.

ಅವಳು ಅಜಿತ್ ಕಟ್ಟಿಕೊಟ್ಟ ಫೈಲಿನ ವಿವರ ತೆರೆದು ನೋಡಿದಳು. ವರ್ಷನ್ ಎರಡು ಎಂದಿತ್ತು.

ಅಷ್ಟರಲ್ಲಿ ಅಜಿತ್ ಎದ್ದ. “ಬೇಜಾರ್ ಮಾಡ್ಕೋಬೇಡಿ ಸರ್. ಅವ್ಳಿಗೆ ಈ ವರ್ಷನ್ನೆಲ್ಲ ಅಷ್ಟು ಗೊತ್ತಾಗಲ್ಲ. ನಾನೇ ಒಂದು ಮಾಡಿಟ್ಟಿದೀನಿ.”

ಅವನ ಫೈಲು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೆಂಚಯ್ಯನ ಫೋನಿಗೆ ಹತ್ತಿತು. ಅವಳದೇ ಪ್ರಶ್ನೆಗಳು, ಅವಳದೇ ಸಾಲುಗಳು, ಮೊದಲ ಪರದೆಯಲ್ಲಿ ಮಾತ್ರ ಅಜಿತನ ಹೆಸರು. ನಂಬಿಸಿ ಕುತ್ತಿಗೆ ಕುಯ್ಯುವುದು ಅಂದರೆ ಇದೇ. ಅವಳಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು, ತಾನೇ ತಪ್ಪು ಮಾಡಿದವಳ ಹಾಗೆ.

ಕೆಂಚಯ್ಯ ಆ ಬೆಳಿಗ್ಗೆ ಅಳೆದ ನಲವತ್ತು ಸೆಂಟು, ಅಂದರೆ ಅರ್ಧ ಇಂಚಿಗೂ ಕಡಿಮೆ, ಮಳೆ ಒತ್ತಿ, ಏನೂ ಅರಿಯದವನ ಹಾಗೆ ಕೇಳಿದ: “ಇದ್ಯಾಕೆ ನಿನ್ನೆ ತಾರೀಕು ತೋರಿಸ್ತದೆ?”

“ಅದೊಂದು ಸಣ್ಣ ತಪ್ಪು. ನಾಳೆ ಸರಿ ಮಾಡ್ಕೊಡ್ತೀನಿ,” ಎಂದ ಅಜಿತ್.

ರೈಟರುಗಳು ಮುಖ ಮುಖ ನೋಡಿಕೊಂಡರು. ಬೆಳಿಗ್ಗೆ ಅಳೆದ ಮಳೆಯನ್ನು ಹಿಂದಿನ ದಿನಕ್ಕೇ ಬರೆಯುವುದು ಅವರ ಪದ್ಧತಿ. ಅದನ್ನು ಕಲಿಯಲು ಅರ್ಪಿತಾ ಹದಿನೈದು ಬೆಳಗು ಕೆಂಚಯ್ಯನ ಜೊತೆ ಮಳೆಮಾಪಕದ ಹತ್ತಿರ ನಿಂತಿದ್ದಳು. ಅಜಿತ್ ಒಂದು ದಿನವೂ ಬಂದವನಲ್ಲ.

“ತಪ್ಪಲ್ಲ ಮಾರಾಯ, ಸರಿಯಾಗೇ ಇದೆ,” ಎಂದ ಕೆಂಚಯ್ಯ. “ಮಾಡಿದೋರಿಗೆ ಗೊತ್ತಿರ್ಬೇಕಿತ್ತಲ್ಲ?”

“ಯಾಕ್ರೀ ನಿನ್ನೆ ತಾರೀಕು? ಹೇಳಿ,” ಎಂದರು ಬೆಳ್ಳಿಯಪ್ಪ.

 ಕ್ಲಾಸಿನಲ್ಲಿ ಯಾರಾದರೂ ಕಷ್ಟದ ಪ್ರಶ್ನೆ ಕೇಳಿದಾಗಲೆಲ್ಲ ತಿರುಗುತ್ತಿದ್ದ ಹಾಗೆಯೇ ಅಜಿತ್ ಅರ್ಪಿತಾ ಕಡೆ ತಿರುಗಿದ. “ಹೇಳು ಅರ್ಪಿತಾ,” ಎಂದ ಮೆಲ್ಲಗೆ. ಅವಳು ಕಾಪಾಡುತ್ತಾಳೆ ಎಂಬ ನಂಬಿಕೆ ಅವನಿಗೆ ಇನ್ನೂ ಇತ್ತು.

ಅವಳು ಅಜಿತನತ್ತ ಕೈ ತೋರಿಸಿ ಬೆಳ್ಳಿಯಪ್ಪನವರ ಕಡೆ ತಿರುಗಿದಳು. 

“ಇವ್ರು ಹೊರಗೆ ಹೋಗ್ಲಿ ಸರ್,” ಎಂದಳು. “ಆಮೇಲೆ ಹೇಳ್ತೀನಿ.”