ರೇಡಿಯೋ ಅಕ್ಕ ಕರೆದ ಇನ್ನೂರ ಹದಿಮೂರು ನಾಯಿಗಳು

೧

ನಾಯಿಗಳಿಂದಲೇ ಶುರು ಮಾಡಲೇ? ಆಸೆಯೇನೋ ಅದೇ. ಆದರೆ ಮೊದಲ ಸಾಲಿಗೇ ಇನ್ನೂರ ಹದಿಮೂರು ನಾಯಿಗಳನ್ನು ಬಿಟ್ಟರೆ ಮಿಕ್ಕ ಕಥೆಗೆ ನೀವು ಕಿವಿಗೊಡುವುದಿಲ್ಲ. ಹಾಗಾಗಿ ಮೈಕಿನಿಂದ ಆರಂಭಿಸಿ ಒಂದು ಡ್ರಾಫ್ಟ್ ಬರೆದೆ: "ಮಂದ ಬೆಳಕಿನ ಸ್ಟುಡಿಯೋದಲ್ಲಿ ಒಂಟಿ ಮೈಕು ಮೌನವಾಗಿ ಕಾಯುತ್ತಿತ್ತು." ಓದಿ ನನಗೇ ನಾಚಿಕೆಯಾಯಿತು. ಆ ಸ್ಟುಡಿಯೋದಲ್ಲಿ ಕಣ್ಣು ಕುಕ್ಕುವ ಟ್ಯೂಬ್‌ಲೈಟ್ ಇದೆ, ಮೈಕುಗಳು ಎರಡಿವೆ, ಅದರಲ್ಲೊಂದು ಕೆಟ್ಟಿದೆ. ಹರಿದು ಹಾಕಿದೆ.

೧ (ಮತ್ತೆ)

ನೇರವಾಗಿ ಹೇಳಿಬಿಡುತ್ತೇನೆ. ಒಂದು ಸಣ್ಣ ಊರು, ಅದಕ್ಕೊಂದು ಸಣ್ಣ ರೇಡಿಯೋ ಕೇಂದ್ರ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಅಲ್ಲಿ ಊರಿನದೇ ಸುದ್ದಿ. ಯಾವ ಬೀದಿಗೆ ಇವತ್ತು ನೀರಿಲ್ಲ, ಯಾವ ಬಸ್ಸು ಕೆಟ್ಟು ನಿಂತಿದೆ, ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕ ಕನ್ನಡಕ ಯಾರದು, ಇಂಥವು. ಇಪ್ಪತ್ತೊಂದು ವರ್ಷದಿಂದ ಇದನ್ನೆಲ್ಲ ಓದುತ್ತಿರುವವರು ರೇಡಿಯೋ ಅಕ್ಕ. (ಅಕ್ಕನಿಗೆ ಐವತ್ತು. ಎಂಬತ್ತು ದಾಟಿದವರೂ ಅಕ್ಕ ಎಂದೇ ಕರೆಯುತ್ತಾರೆ. ಹೇಗೆ ಎಂದು ನನ್ನನ್ನು ಕೇಳಬೇಡಿ.)

ಆ ಮಂಗಳವಾರ ಕೇಂದ್ರ ಕಚೇರಿಯ ಅಧಿಕಾರಿಯೊಬ್ಬರು ಬಂದು ಸ್ಟುಡಿಯೋದೊಳಗೇ ಕುರ್ಚಿ ಹಾಕಿಸಿಕೊಂಡು ಕೂತರು. ಕೈಯಲ್ಲೊಂದು ಸಮೀಕ್ಷೆ. "ಸ್ಥಳೀಯ ಕಾರ್ಯಕ್ರಮದ ಕೇಳುಗರು: ಗಣನೆಗೆ ಸಿಗುವಷ್ಟಿಲ್ಲ." ಅವರೂ ಹೂಂ ಎಂದು ವರದಿ ಬರೆದರೆ ಮುಂದಿನ ತಿಂಗಳಿಂದ ಆ ಎರಡು ಗಂಟೆಯೂ ರಾಜಧಾನಿಯಿಂದಲೇ ಪ್ರಸಾರ. ಅಲ್ಲಿಯ ಟ್ರಾಫಿಕ್ಕು, ಅಲ್ಲಿಯ ಹವಾಮಾನ, ಅಲ್ಲಿಯ ಜೋಕು.

"ನಿಮ್ಮ ಓದು ಚೆನ್ನಾಗಿದೆ ಮೇಡಂ," ಅಂದರು ಅಧಿಕಾರಿ. "ಆದ್ರೆ ಯಾರಾದ್ರೂ ಕೇಳ್ತಾರೆ ಅನ್ನೋದಕ್ಕೆ ಪುರಾವೆ ಬೇಕಲ್ಲ?"

"ಕೇಳ್ತಾರೆ ಸರ್."

"ಪುರಾವೆ?"

ಎಂಟಾಗುತ್ತಿತ್ತು, ಅಕ್ಕ ಮೇಜಿನ ಮೇಲಿನ ಹಾಳೆಗಳತ್ತ ತಿರುಗಿದರು.

೨

ಈಗ ತಪ್ಪಿನ ವಿಷಯ. ಓದುಗರೇ, ಇನ್ನೂ ಹತ್ತಿರ ಬನ್ನಿ, ಇದನ್ನು ಬರೆಯುವಾಗ ನನಗೆ ಕೂರಲಾಗುತ್ತಿಲ್ಲ.

ರೇಡಿಯೋದವರು ಪ್ರಕಟಣೆಗಳನ್ನು ಮುಂಚಿತವಾಗಿ ಬರೆದಿಡುತ್ತಾರೆ. ನಾಳೆಯ ಹಾಳೆಯಲ್ಲೂ 'ಇವತ್ತು' ಎಂದೇ ಇರುತ್ತದೆ, ಏಕೆಂದರೆ ಓದುವ ಹೊತ್ತಿಗೆ ಅದು ಇವತ್ತೇ ಆಗಿರುತ್ತದೆ. ಇವತ್ತಿನ ಹಾಳೆಗಳು ಮೇಜಿನ ಎಡಕ್ಕೆ, ನಾಳೆಯವು ಬಲಕ್ಕೆ. ಅಧಿಕಾರಿಯ ಕುರ್ಚಿಗೆ ಜಾಗ ಮಾಡಲು ಹೋಗಿ ಎಡವೂ ಬಲವೂ ಒಂದಾಗಿದ್ದವು. ಆ 'ಪುರಾವೆ'ಯನ್ನೇ ಯೋಚಿಸುತ್ತಿದ್ದ ಅಕ್ಕ ಕೈಗೆ ಸಿಕ್ಕ ಹಾಳೆ ಎತ್ತಿಕೊಂಡು, ಮೈಕ್ ಆನ್ ಮಾಡಿ, ಓದಿಯೇಬಿಟ್ಟರು: "ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಪಶು ಆಸ್ಪತ್ರೆಯ ಅಂಗಳದಲ್ಲಿ ಸಾಕುನಾಯಿಗಳಿಗೆ ಉಚಿತ ರೇಬಿಸ್ ಲಸಿಕೆ. ದಯವಿಟ್ಟು ಹಗ್ಗ ಕಟ್ಟಿ ಕರೆತನ್ನಿ."

ಲಸಿಕೆ ಇದ್ದದ್ದು ಬುಧವಾರ.

ಒಂಬತ್ತೂ ಹತ್ತಕ್ಕೆ, ಹಾಡು ಹೋಗುತ್ತಿದ್ದಾಗ, ಸ್ಟುಡಿಯೋದ ಫೋನು ಬಡಿದುಕೊಂಡಿತು. ಪಶುವೈದ್ಯರು, ಸ್ಟುಡಿಯೋದಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ. ಅವರ ಮಾತಿನ ಹಿಂದೆ ಬೊಗಳು, ಆ ಬೊಗಳಿನ ಹಿಂದೆ ಇನ್ನಷ್ಟು ಬೊಗಳು.

"ಅಕ್ಕಾ! ಏನ್ ಓದಿದ್ರಿ ನೀವು? ಇಲ್ಲಿ ಕಾಲಿಡೋಕೆ ಜಾಗ ಇಲ್ಲ! ಲಸಿಕೆ ಬರೋದು ನಾಳೆ! ಫ್ರಿಜ್ಜಲ್ಲಿ ನನ್ನ ಊಟದ ಡಬ್ಬಿ ಬಿಟ್ರೆ ಏನೂ ಇಲ್ಲ!"

೩

ಮೊದಲು ಸಾವಿರ ನಾಯಿ ಎಂದು ಬರೆದಿದ್ದೆ. ವೈದ್ಯರು ನನ್ನ ಮೇಲೇ ರೇಗಿದರು. "ನನ್ನ ಅಂಗಳ ನೋಡಿದೀರೇನ್ರೀ? ಇನ್ನೂರ ಹದಿಮೂರು. ಗೇಟಲ್ಲಿ ನಿಂತು ಎಣಿಸಿದೋನು ನಾನು. ಜೊತೆಗೊಂದು ಬೆಕ್ಕು."

"ಬೆಕ್ಕು ಯಾಕೆ ಬಂತು ಡಾಕ್ಟ್ರೇ?"

"ಅಕ್ಕ ಕರೆದ ಮೇಲೆ ಬರದೇ ಇರೋದು ಹೇಗೆ ಅಂದ್ರು ಅದರ ಯಜಮಾನ್ರು."

ಇನ್ನೂರ ಹದಿಮೂರು! ಒಂದೇ ಗಂಟೆಯೊಳಗೆ! ಹಗ್ಗ ಸಿಗದವರು ಪ್ಯಾಂಟಿನ ಬೆಲ್ಟು ಬಿಚ್ಚಿ ಕಟ್ಟಿಕೊಂಡು, ಒಂದು ಕೈಯಲ್ಲಿ ನಾಯಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದುಕೊಂಡು ಓಡಿಬಂದಿದ್ದಾರೆ! ಪುರಾವೆ ಬೇಕೆಂದಿರಲ್ಲ ಸರ್, ತಗೊಳ್ಳಿ, ಬಾಲ ಅಲ್ಲಾಡಿಸುತ್ತಿದೆ! ಹೀಗೆ ಬರೆದು, ಅಧಿಕಾರಿಯಿಂದ ಸಮೀಕ್ಷೆಯನ್ನು ಹರಿದು ಹಾಕಿಸಿ, ಅಕ್ಕನ ಕೈ ಕುಲುಕಿಸಿ, ಕಥೆ ಮುಗಿಸಿ ನಾನು ಟೀ ಕುಡಿಯಲು ಎದ್ದೆ.

"ಕೂತ್ಕೊಳ್ಳಿ," ಅಂದರು ಅಕ್ಕ. ನನಗೇ.

"ಯಾಕಕ್ಕ? ಗೆದ್ರಲ್ಲ ನೀವು!"

"ಏನ್ ಗೆದ್ದೆ? ಕೆಲಸ ಬಿಟ್ಟು ಬಂದೋರಿದಾರೆ. ಮಂಡಿನೋವಲ್ಲಿ ನಡ್ಕೊಂಡು ಬಂದೋರಿದಾರೆ. ನನ್ನ ಮಾತು ನಂಬಿ ಬಂದು ಬೆಪ್ಪಾಗಿ ನಿಂತಿದಾರೆ. ಅದನ್ನ ಗೆಲುವು ಅಂತ ಬರೀತೀರಾ? ನಾಚಿಕೆ ಆಗಲ್ವಾ ನಿಮಗೆ?"

ನಾಚಿಕೆ ಆಯಿತು. (ಈ ಕಥೆಯಲ್ಲಿ ಎರಡನೆಯ ಸಲ.)

೩ಕ್ಕೆ ತಿದ್ದುಪಡಿ

ಅಧಿಕಾರಿ ಏನನ್ನೂ ಹರಿಯಲಿಲ್ಲ. ಅವರೂ ನನ್ನ ಮಾತು ಕೇಳುವವರಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಮನುಷ್ಯ ಕೆಟ್ಟವರಲ್ಲ, ನನಗಿರುವ ಕಷ್ಟವೇ ಅದು. ಖಳನಾಯಕನಾಗಿದ್ದರೆ ಬರೆಯುವುದು ಎಷ್ಟು ಸಲೀಸಾಗಿರುತ್ತಿತ್ತು.

"ನೋಡಿ ಮೇಡಂ," ಅಂದರು ತಗ್ಗಿದ ದನಿಯಲ್ಲಿ. "ಇಷ್ಟು ಜನ ಬಂದಿದಾರೆ ಅಂದ್ಮೇಲೆ ಕಾರ್ಯಕ್ರಮ ಉಳಿಯುತ್ತೆ, ಅದು ನನ್ನ ಜವಾಬ್ದಾರಿ. ಆದ್ರೆ ಯಾಕೆ ಬಂದ್ರು ಅಂತ ಬರೀಬೇಕಲ್ಲ? ತಪ್ಪು ನಿಮ್ಮದು ಅಂತ ಬರೆದ್ರೆ ನಿಮ್ಮನ್ನ ಮೈಕಿಂದ ಎಬ್ಬಿಸ್ತಾರೆ. ಆಸ್ಪತ್ರೆಯೋರು ದಿನ ತಪ್ಪು ಕೊಟ್ರು ಅಂತ ಬರೆದ್ರೆ ನೀವೂ ಉಳೀತೀರಿ."

ನಾನು ಖುಷಿಯಿಂದ ಎರಡನೆಯದಕ್ಕೆ ಹಾರಿದೆ. ಎಷ್ಟು ಅಚ್ಚುಕಟ್ಟಾದ ಮುಕ್ತಾಯ! ಒಂದು ಸಣ್ಣ ಸುಳ್ಳು, ಎಲ್ಲರೂ ಕ್ಷೇಮ. ಫೋನಿನೊಳಗಿಂದ ವೈದ್ಯರು "ಏಯ್, ನಾನಿನ್ನೂ ಲೈನಲ್ಲೇ ಇದೀನಿ" ಅಂದರು.

"ಡಾಕ್ಟ್ರೇ, ಜನ ಹೋದ್ರಾ?" ಅಕ್ಕ ಕೇಳಿದರು.

"ಎಲ್ಲಿ ಹೋಗ್ತಾರೆ? ನಾಳೆ ಬನ್ನಿ ಅಂದ್ರೂ ಕೇಳ್ತಿಲ್ಲ. ಯಾರದೋ ಮೊಬೈಲಲ್ಲಿ ರೇಡಿಯೋ ಹಾಕ್ಕೊಂಡು ಸುತ್ತ ನಿಂತಿದಾರೆ. ಅಕ್ಕ ಏನಂತಾರೋ ನೋಡೋಣ ಅಂತಿದಾರೆ."

ಹಾಡು ಮುಗಿಯಲು ಹನ್ನೊಂದು ಸೆಕೆಂಡು ಉಳಿದಿತ್ತು. ಅಧಿಕಾರಿ "ಯೋಚನೆ ಮಾಡಿ ಮೇಡಂ" ಅಂದರು. ನಾನು "ಅಕ್ಕಾ, ಒಂದ್ನಿಮಿಷ, ಇನ್ನೊಂದು ಐಡಿಯಾ ಇದೆ" ಅಂದೆ. ಅಕ್ಕ ಇಬ್ಬರನ್ನೂ ಕೇಳದೆ ಮೈಕ್ ಆನ್ ಮಾಡಿದರು.

"ಪಶು ಆಸ್ಪತ್ರೆ ಅಂಗಳದಲ್ಲಿ ನಿಂತಿರೋರೇ, ಕೇಳಿ. ಲಸಿಕೆ ಇವತ್ತಲ್ಲ. ಡಾಕ್ಟ್ರು ಸರಿಯಾಗೇ ಬರೆದುಕೊಟ್ಟಿದ್ರು. ನಾಳೆಯ ಹಾಳೆನ ನಾನು ಇವತ್ತು ಓದಿದೆ. ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ."

ಮುಂದಿನ ಹಾಡು ಹಚ್ಚಿ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ನನಗೆ ಅಳು ಬಂತು, ಕುಣಿಯಬೇಕೆಂದೂ ಅನ್ನಿಸಿತು. ಎರಡನ್ನೂ ಬರೆದಿದ್ದೇನೆ, ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ.

ಸಂಖ್ಯೆ ಇಲ್ಲದ್ದು

ಇನ್ನು ಮುಕ್ತಾಯ. ಅಕ್ಕನನ್ನು ಎಬ್ಬಿಸಿದರು, ಆ ಕುರ್ಚಿಯಲ್ಲಿ ಹೊಸಬರು ಕೂತರು ಎಂದು ಬರೆದೆ, ಸಹಿಸಲಾಗಲಿಲ್ಲ. ಕೇಂದ್ರ ಕಚೇರಿಯವರು ಕ್ಷಮಿಸಿ ಬಡ್ತಿ ಕೊಟ್ಟರು ಎಂದು ಬರೆದೆ, ನೀವು ನಂಬುವುದಿಲ್ಲ. ಅಧಿಕಾರಿ ಈಗ ಬರೆಯುತ್ತಿದ್ದಾರೆ. ಏನು ಎಂದು ನಾನು ಇಣುಕಲಿಲ್ಲ, ನೀವೂ ಇಣುಕಬೇಡಿ. ಕೆಳಗಿಟ್ಟಿದ್ದ ಫೋನಿನಲ್ಲಿ ಗಲಾಟೆ. ವೈದ್ಯರ ಕೈಯಿಂದ ಯಾರೋ ಮುದುಕಿ ಅದನ್ನು ಕಿತ್ತುಕೊಂಡಿದ್ದಾರೆ. ಅಕ್ಕ ಎತ್ತಿಕೊಂಡರು.

"ಅಕ್ಕಾ, ನಾಯಿನ ಎರಡು ಮೈಲಿ ಎಳ್ಕೊಂಡು ಬಂದಿದೀನಿ. ಕೆಟ್ಟ ಕೋಪ ಬಂದಿದೆ ನಂಗೆ."

"ಬರಲೇಬೇಕಮ್ಮ. ಬೈದುಬಿಡಿ."

"ಬೈಯೋದು ಆಮೇಲೆ. ನಾಳೆ ಎಷ್ಟು ಗಂಟೆಗೆ?"

"ಡಾಕ್ಟ್ರು ಪಕ್ಕದಲ್ಲೇ ಇದಾರಲ್ಲಮ್ಮ. ಅವರನ್ನೇ ಕೇಳಿ."

"ಅವರು ಹೇಳಿದ್ರು. ನೀನು ಹೇಳು."